ಬೆಳೆ ಸರದಿಗೆ ಸುತ್ತುಗೆರೆ ಚಿತ್ರ

ಟೊಮೆಟೊ ಸೊರಗಿ ಹೋದ ತಾಕಿನಲ್ಲಿ ಮುಂದಿನ ಹಂಗಾಮಿಗೆ ಬದನೆ ನೆಟ್ಟು ಅದನ್ನೂ ಕಳೆದುಕೊಳ್ಳುವ ರೈತರು ಇಂದಿಗೂ ಇದ್ದಾರೆ. ಬೆಳೆ ಬದಲಾಯಿತು, ರೋಗ ಬದಲಾಗಲಿಲ್ಲ. ದುಂಡಾಣು ಸೊರಗು ರೋಗವು ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ನಾಲ್ಕಕ್ಕೂ ಬರುತ್ತದೆ. ಇಂಥ ನಂಟುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸುವುದು ಮೇಲು.

ಬೆಳೆಗೊಂದು ಚುಕ್ಕೆ ಇಟ್ಟು, ಒಂದೇ ರೋಗ ಬರುವ ಬೆಳೆಗಳನ್ನು ಎರಡೆರಡಾಗಿ ಗೆರೆಯಿಂದ ಕೂಡಿಸುವ ದಾರಿ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಅದು ಸಾಲದು. ಮೂರು ಬೆಳೆಗಳ ನಡುವೆ ಮೂರು ಗೆರೆ ಕಂಡರೆ, ಮೂರಕ್ಕೂ ಒಂದೇ ರೋಗವೋ, ಜೋಡಿಗೊಂದರಂತೆ ಮೂರು ರೋಗಗಳೋ ತಿಳಿಯದು. ಒಂದು ರೋಗದ ಬೆಳೆಗಳನ್ನೆಲ್ಲ ಒಂದೇ ಸುತ್ತುಗೆರೆಯೊಳಗೆ ಸೇರಿಸಿದರೆ ಈ ಸಂದೇಹವಿಲ್ಲ. ಗಣಿತಜ್ಞರು ಇಂಥ ಜಾಲವನ್ನು ಹೈಪರ್‌ಗ್ರಾಫ್ ಎನ್ನುತ್ತಾರೆ. ಫ್ರಾನ್ಸಿನ ಕ್ಲಾಡ್ ಬೆರ್ಜ್ 1970ರಲ್ಲಿ ಇದರ ಮೇಲೆ ಗ್ರಂಥವನ್ನೇ ಪ್ರಕಟಿಸಿದರು.

ಹಾಳೆಯ ನಡುವೆ ಟೊಮೆಟೊ, ಅದರ ಕೆಳಗೆ ಮೆಣಸಿನಕಾಯಿ ಇರಲಿ. ಹೆಚ್ಚು ಸುತ್ತುಗಳಿಗೆ ಸೇರಿದ ಬೆಳೆ ನಡುವೆ ಇದ್ದರೇ ಚಿತ್ರ ತಿಳಿಯಾಗುವುದು. ಟೊಮೆಟೊದ ಎಡಕ್ಕೆ ಆಲೂಗಡ್ಡೆ, ಅದರ ಕೆಳಗೆ ಬದನೆ. ಬಲಕ್ಕೆ ತೊಗರಿ, ಕಡಲೆ, ಹತ್ತಿ. ಎಡದ ಎರಡು, ನಡುವಿನ ಎರಡು ಸೇರಿ ದುಂಡಾಣು ಸೊರಗಿನ ಸುತ್ತು. ನಡುವಿನವೂ ಬಲದವೂ ಸೇರಿ ಹೆಲಿಕೋವರ್ಪ ಕಾಯಿಕೊರಕದ ಸುತ್ತು. ಆಲೂಗಡ್ಡೆ, ಟೊಮೆಟೊ ಎರಡನ್ನೇ ಬಳಸಿ ಕೊನೆ ಅಂಗಮಾರಿಯ ಚಿಕ್ಕ ಸುತ್ತು. ಭತ್ತದ ಚುಕ್ಕೆ ಮೂರರ ಹೊರಗೆ.

ತೊಗರಿಗೂ ಸೊರಗು ರೋಗ ಉಂಟಲ್ಲ ಎಂದು ಕೇಳಬಹುದು. ಅದು ಶಿಲೀಂಧ್ರದಿಂದ ಬರುವ ಬೇರೆ ರೋಗ. ಹೆಸರು ಒಂದೇ ಎಂದು ಒಂದೇ ಸುತ್ತಿಗೆ ಸೇರಿಸಬಾರದು. ಹಾಗೆಯೇ ಸಂಬಂಧವಿಲ್ಲದ ಚುಕ್ಕೆಯೊಂದು ಅಚಾತುರ್ಯದಿಂದ ಸುತ್ತಿನೊಳಗೆ ಸಿಕ್ಕಿಕೊಂಡರೆ ಚಿತ್ರ ಸುಳ್ಳು ಹೇಳುತ್ತದೆ. ಗೆರೆಯನ್ನು ಸೊಟ್ಟಗೆ ತಿರುಗಿಸುವ ಬದಲು ಚುಕ್ಕೆಯನ್ನೇ ಸರಿಸಿರಿ. ಮೊದಲು ಸೀಸದಕಡ್ಡಿಯಲ್ಲಿ ಬರೆಯುವುದು ಇದಕ್ಕೇ.

ಮಣ್ಣಿನಲ್ಲಿ ಉಳಿಯುವ ಸೊರಗಿಗೆ ದಪ್ಪ ಗೆರೆ ಎಳೆಯಿರಿ. ಪತಂಗವಾಗಿ ಹಾರಿ ಬರುವ ಕಾಯಿಕೊರಕಕ್ಕೂ, ಗಾಳಿಯಲ್ಲಿ ಹರಡುವ ಅಂಗಮಾರಿಗೂ ತುಂಡುಗೆರೆ. ದಪ್ಪ ಸುತ್ತಿನ ಬೆಳೆಗೆ ರೋಗ ತಗುಲಿದ ತಾಕಿನಲ್ಲಿ ಅದೇ ಸುತ್ತಿನ ಇನ್ನೊಂದನ್ನು ಹಾಕದೆ ಹೊರಗಿನದನ್ನು ಆರಿಸಬೇಕು. ನೀರಿದ್ದರೆ ಭತ್ತ ಒಳ್ಳೆಯದು. ತುಂಡುಗೆರೆಯಾದರೆ ಪಕ್ಕದ ಹೊಲದಲ್ಲೇನಿದೆ ಎಂದೂ ನೋಡಬೇಕಾಗುತ್ತದೆ.

ಸುತ್ತುಗಳು ಐದಾರನ್ನು ಮೀರಿದರೆ ಹಟ ಬೇಡ, ಕೋಷ್ಟಕ ಹಾಕಿರಿ: ಅಡ್ಡಸಾಲಿಗೊಂದು ಬೆಳೆ, ಕಂಬಸಾಲಿಗೊಂದು ಪೀಡೆ. ದಪ್ಪ ಸುತ್ತಿನೊಳಗೆ ಗಣಿಕೆ ಗಿಡಕ್ಕೂ ಒಂದು ಚುಕ್ಕೆ ಮರೆಯದಿರಿ. ಬದುವಿನಲ್ಲಿ ಆ ಕಳೆ ಉಳಿದರೆ ದುಂಡಾಣುವಿಗೂ ಆಸರೆ ಉಳಿಯುತ್ತದೆ.