ಆರನೇ ವರ್ಷದ ದವಡೆ ಹಲ್ಲು



"ಹಾಲು ಹಲ್ಲು ತಾನೇ, ಬಿದ್ದು ಹೋಗ್ತದೆ ಬಿಡಿ" ಅಂತ ನಾವು ಸುಮ್ಮನಾಗುವುದುಂಟು. ಆದರೆ ಮಗುವಿಗೆ ಸುಮಾರು 6 ವರ್ಷವಾದಾಗ ಹಾಲು ಹಲ್ಲುಗಳ ಹಿಂದೆ ಹೊಸ ದವಡೆ ಹಲ್ಲು ಮೂಡುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ನಮಗೆ ಗೊತ್ತೇ ಆಗೋದಿಲ್ಲ. ಇದು ಶಾಶ್ವತ ಹಲ್ಲು. ಹೋದರೆ ಮತ್ತೆ ಬಾರದು.

ಈ ಹಲ್ಲಿನ ಮೇಲೆ ಸಣ್ಣ ಗೀರು, ಕುಳಿಗಳಿರುತ್ತವೆ. ಬ್ರಷ್ಷಿನ ಎಳೆ ಅಲ್ಲಿಗೆ ತಲುಪುವುದಿಲ್ಲ. ಅಲ್ಲಿ ಸಿಕ್ಕಿಕೊಂಡ ತಿಂಡಿಯಿಂದ ರೋಗಾಣುಗಳು ಆಮ್ಲ ಉಂಟುಮಾಡಿ ಹಲ್ಲನ್ನು ಕರಗಿಸುತ್ತವೆ.

ಹುಳುಕಾಗುವ ಮೊದಲೇ ದಂತವೈದ್ಯರು ಈ ಗೀರುಗಳಿಗೆ 'ಸೀಲೆಂಟ್' ಎಂಬ ತೆಳು ಲೇಪ ಹಚ್ಚಿ, ಬೆಳಕು ಹಾಯಿಸಿ ಗಟ್ಟಿ ಮಾಡುತ್ತಾರೆ. ಕೊರೆಯುವುದಿಲ್ಲ, ಇಂಜೆಕ್ಷನ್ ಇಲ್ಲ, ನೋವಿಲ್ಲ. ಇದು ದವಡೆ ಹಲ್ಲಿನ ಹುಳುಕನ್ನು 2 ವರ್ಷಗಳವರೆಗೆ ಶೇ. 80ರಷ್ಟು ತಡೆಯುತ್ತದೆ. ಸುಮಾರು 12ನೇ ವರ್ಷದಲ್ಲಿ ಬರುವ ಎರಡನೇ ದವಡೆ ಹಲ್ಲಿಗೂ ಹಾಕಿಸಬಹುದು.

ಲೇಪ ಹಾಕಿಸಿದರೂ ದಿನಕ್ಕೆ 2 ಸಲ ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಬೇಕು. ಲೇಪ ಸವೆದಿದೆಯೇ ಎಂದು ವೈದ್ಯರಿಗೆ ಆಗಾಗ ತೋರಿಸುತ್ತಿರಬೇಕು.

ಸಂಘದಲ್ಲಿ ಮಾಡೋಣ: ಇಂದೇ ಮಕ್ಕಳ ಬಾಯಿ ತೆರೆಸಿ ಹಿಂದಿನ ಹಲ್ಲು ನೋಡಿ. 6-7 ವರ್ಷದ ಮಕ್ಕಳ ಪಟ್ಟಿಯನ್ನು ಮುಂದಿನ ಸಭೆಗೆ ತನ್ನಿ. ಎಲ್ಲರನ್ನೂ ಒಟ್ಟಾಗಿ ದಂತವೈದ್ಯರಿಗೆ ತೋರಿಸೋಣ. ಹಲ್ಲುನೋವು ಬಂದ ಮೇಲೆ ಸಾಲ ಮಾಡುವುದಕ್ಕಿಂತ ಇದು ಲೇಸಲ್ಲವೇ?