ಹಿತ್ತಲಲ್ಲೊಂದು ಕೋರ್ಟು: ಬಣ್ಣಕ್ಕೂ ಮೊದಲು ಒಂಬತ್ತು ಸೂತ್ರಗಳು

ಊರ ಹೊರಗಿನ ಲೇಔಟಿನಲ್ಲಿ ಮನೆ ಕಟ್ಟಿ, ಹಿತ್ತಲಲ್ಲಿ ಇಷ್ಟು ಜಾಗ ಉಳಿದರೆ ಸಾಕು, ಮಕ್ಕಳು ಶಟಲ್ ಕೋರ್ಟಿನ ಮಾತೆತ್ತುತ್ತಾರೆ. ಕಂಟ್ರಾಕ್ಟರ್ ಹಸಿರು-ನೀಲಿ ಬಣ್ಣದ ಫೋಟೊ ತೋರಿಸಿ ರೇಟು ಹೇಳುತ್ತಾನೆ. ಆದರೆ ಬಣ್ಣದ ಸರದಿ ಬರುವುದು ಕಟ್ಟಕಡೆಗೆ. ಕೋರ್ಟು ಬಾಳುತ್ತದೋ ಬಿರಿಯುತ್ತದೋ ಎಂಬುದು ಅಷ್ಟು ಹೊತ್ತಿಗೆ ಮಣ್ಣು-ನೀರಿನ ಕೆಲಸದಲ್ಲೇ ತೀರ್ಮಾನವಾಗಿರುತ್ತದೆ.

1. ಟೇಪು ಹಿಡಿದು ಆಟ ಆರಿಸಿ. ಶಟಲ್ ಡಬಲ್ಸ್ ಗೆರೆಗಳ ಅಳತೆ 44x20 ಅಡಿ. ಓಡಾಡುವ ಜಾಗ ಸೇರಿದರೆ 60x30, ಅಂದರೆ ಒಂದೂಮುಕ್ಕಾಲು ಗುಂಟೆಗೆ ಕೊಂಚ ಕಡಿಮೆ. ಅಷ್ಟಿಲ್ಲದಿದ್ದರೆ ಬೇಸರ ಬೇಡ. ಬ್ಯಾಸ್ಕೆಟ್‌ಬಾಲ್ ಬೋರ್ಡಿನಿಂದ ಫ್ರೀ ಥ್ರೋ ಗೆರೆಗೆ 15 ಅಡಿ. 20x20 ಜಾಗವಿದ್ದರೂ ರಿಂಗ್ ಹಾಕಿ ಆಡಬಹುದು. ರಿಂಗಿನ ನಿಯಮದ ಎತ್ತರ 10 ಅಡಿ. ಚಿಕ್ಕ ಮಕ್ಕಳಿದ್ದರೆ ಏರಿಸಿ ಇಳಿಸುವಂಥದ್ದನ್ನೇ ಕೊಳ್ಳಿ.

2. ಒಂದೇ ಗೆರೆಯಲ್ಲಿ ಎರಡು ಆಟ ಹೊಂದಿಸಿ. ಪಿಕಲ್‌ಬಾಲ್ ಕೋರ್ಟಿನ ಅಳತೆಯೂ 44x20 ಅಡಿಯೇ. ಅದು ಹುಟ್ಟಿದ್ದೇ ಮನೆಯಂಗಳದ ಹಳೆಯ ಶಟಲ್ ಕೋರ್ಟಿನಲ್ಲಿ, 1965ರಲ್ಲಿ, ಅಮೆರಿಕದ ಬೇನ್‌ಬ್ರಿಜ್ ದ್ವೀಪದಲ್ಲಿ. ಶಟಲ್ ನೆಟ್ ಕಂಬದ ಬಳಿ 5 ಅಡಿ 1 ಇಂಚು, ಪಿಕಲ್‌ಬಾಲ್ ನೆಟ್ 3 ಅಡಿ. ಎತ್ತರ ಬದಲಿಸಲು ಬರುವ ಕಂಬ ಹಾಕಿಸಿದರೆ ಗಾಳಿ ಜೋರಾದ ದಿನ ಶಟಲ್ ಬಿಟ್ಟು ಪ್ಲಾಸ್ಟಿಕ್ ಚೆಂಡಿಗೆ ಇಳಿಯಬಹುದು. ಆಷಾಢದಲ್ಲಿ ಇದರ ಬೆಲೆ ತಿಳಿಯುತ್ತದೆ.

3. ಸೂರ್ಯನನ್ನು ಪಕ್ಕಕ್ಕಿಡಿ. ಆಟಗಾರರು ಉತ್ತರ-ದಕ್ಷಿಣ ಮುಖವಾಗಿ ನಿಲ್ಲುವಂತೆ ಗೆರೆ ಹಾಕಿಸಿ. ಪೂರ್ವ-ಪಶ್ಚಿಮವಾದರೆ ಬೆಳಗ್ಗೆ ಒಬ್ಬರ ಕಣ್ಣಿಗೆ ಬಿಸಿಲು, ಸಂಜೆ ಇನ್ನೊಬ್ಬರ ಕಣ್ಣಿಗೆ. ಆಡಲು ಬಿಡುವಾಗುವುದೂ ಆ ಎರಡೇ ಹೊತ್ತಿನಲ್ಲಿ.

4. ಮಣ್ಣಿನ ಗುಣ ತಿಳಿದು ಅಗೆಯಿರಿ. ಧಾರವಾಡ, ಗದಗ, ರಾಯಚೂರು ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಮೇಲಿನ ಕಾಂಕ್ರೀಟನ್ನೂ ಬಿರಿಸುತ್ತದೆ. ಅದನ್ನು ತೆಗೆಸಿ, ಗರಸು ತುಂಬಿಸಿ, ಪದರ ಪದರವಾಗಿ ನೀರು ಹೊಡೆದು ದಮ್ಮಸು ಮಾಡಿಸಿ. ಕೆಂಪು ಮಣ್ಣಾದರೂ ಹೊಸದಾಗಿ ತುಂಬಿದ್ದಾದರೆ ಒಂದು ಮಳೆಗಾಲ ಕೂರಲು ಬಿಡುವುದು ಲೇಸು.

5. ವಾಟ ಕೊಡಿ, ಒಂದೇ ಕಡೆಗೆ. ಬಯಲಿನ ಕೋರ್ಟು ಸಪಾಟಾದರೆ ನೀರು ನಿಲ್ಲುತ್ತದೆ. ಹತ್ತಡಿಗೆ ಒಂದು ಇಂಚು ವಾಟ ಸಾಕು: 30 ಅಡಿ ಅಗಲಕ್ಕೆ 3 ಇಂಚು. ಆಡುವಾಗ ಅದು ಗೊತ್ತೇ ಆಗದು. ನಡುವೆ ಎತ್ತರಿಸಿ ಎರಡೂ ಕಡೆ ಇಳಿಸುವುದು ಬೇಡ. 60x30 ಕೋರ್ಟಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 1,670 ಲೀಟರ್ ನೀರು. ಅದು ಪಕ್ಕದವರ ಕಾಂಪೌಂಡಿಗೆ ಹರಿದರೆ ಜಗಳ, ಇಂಗುಗುಂಡಿಗೆ ಹರಿದರೆ ಬೋರ್‌ವೆಲ್ಲಿಗೆ ಆಸರೆ. ಬೆಂಗಳೂರಿನಲ್ಲಂತೂ 30x40 ಸೈಟಿನ ಹೊಸ ಮನೆಗೂ ಮಳೆನೀರು ಕೊಯ್ಲು ಕಡ್ಡಾಯ.

6. ಕಾಂಕ್ರೀಟಿನ ದಿನ ನೀವೇ ನಿಂತಿರಿ. 4 ಇಂಚು ದಪ್ಪಕ್ಕೆ ಸುಮಾರು 17 ಘನ ಮೀಟರ್ ಮಾಲು ಬೇಕು. ರೆಡಿಮಿಕ್ಸ್ ಆದರೆ ಮೂರು ಲಾರಿ. ನಿಮ್ಮ ರಸ್ತೆಯಲ್ಲಿ ಲಾರಿ ತಿರುಗುತ್ತದೋ ಮೊದಲೇ ನೋಡಿ. ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿಸಿ. ಇಲ್ಲವಾದರೆ ನೆಲದ ತೇವ ಮೇಲೇರಿ ಮುಂದೆ ಬಣ್ಣ ಗುಳ್ಳೆಯೇಳುತ್ತದೆ. ನೆಟ್ ಕಂಬದ ಪೈಪುಗಳನ್ನು ಕಾಂಕ್ರೀಟಿಗೆ ಮೊದಲೇ ನಿಲ್ಲಿಸಿ. ಮರುದಿನ ಕಟರ್ ತರಿಸಿ ಹತ್ತಡಿಗೊಂದು ಗೆರೆ ಕೊಯ್ಯಿಸಿ. ಬಿರುಕು ಬಂದರೂ ಆ ಗೆರೆಯೊಳಗೇ ಬರಲಿ. ಆಮೇಲೆ ಸಣ್ಣ ಕಟ್ಟೆ ಕಟ್ಟಿ ಕನಿಷ್ಠ 7 ದಿನ, ಬಿಸಿಲು ಜೋರಿದ್ದರೆ 10 ದಿನ ನೀರು ನಿಲ್ಲಿಸಿ.

7. ನಾಣ್ಯದ ಪರೀಕ್ಷೆ ಮಾಡಿ. ಬಣ್ಣಕ್ಕೆ ಮೊದಲು ಇಡೀ ನೆಲಕ್ಕೆ ನೀರು ಹಾಯಿಸಿ, ಬಿಸಿಲಲ್ಲಿ ಒಂದು ಗಂಟೆ ಬಿಡಿ. ಎಲ್ಲಿ ನೀರು ಉಳಿದಿದೆಯೋ ಅಲ್ಲಿ ಒಂದು ರೂಪಾಯಿ ನಾಣ್ಯ ಇಡಿ. ನಾಣ್ಯ ಮುಳುಗಿದರೆ ಅಲ್ಲಿ ಸೀಮೆಸುಣ್ಣದಿಂದ ಸುತ್ತು ಹಾಕಿ, ಮೇಸ್ತ್ರಿಯನ್ನು ಕರೆಸಿ ಸರಿಮಾಡಿಸಿ. ಕೊನೆಯ ಕಂತಿನ ದುಡ್ಡು ಅಲ್ಲಿಯವರೆಗೆ ನಿಮ್ಮ ಬಳಿಯೇ ಇರಲಿ. ಅಕ್ರಿಲಿಕ್ ಬಣ್ಣಕ್ಕೆ ಕಾಂಕ್ರೀಟು 28 ದಿನ ಕಳೆದಿರಬೇಕು. ಬಣ್ಣದಲ್ಲಿ ಮರಳು ಬೆರೆಸಿದ್ದಾರೆಯೇ ಕೇಳಿ. ಕಾಲು ಜಾರದಂತೆ ಹಿಡಿಯುವುದು ಅದೇ. ಕರಾವಳಿ, ಮಲೆನಾಡಿನಲ್ಲಿ ಮರದ ನೆರಳು ಬಿದ್ದ ಮೂಲೆ ಪಾಚಿಗಟ್ಟುತ್ತದೆ. ಮಳೆ ಹಿಡಿಯುವ ಮುಂಚೆ ಕೊಂಬೆ ಸವರಿಸಿ, ಆಗಾಗ ಬ್ರಷ್ಷಿನಲ್ಲಿ ಉಜ್ಜಿಸಿ.

8. ನೆರೆಯವರನ್ನು ಮೊದಲೇ ಮಾತಾಡಿಸಿ. ಪಿಕಲ್‌ಬಾಲ್ ಬ್ಯಾಟಿನ ಟಕ್ ಟಕ್ ಸದ್ದು ಗೋಡೆಯಾಚೆ ಕೇಳುತ್ತದೆ. ದೀಪದ ಕಂಬಗಳನ್ನು ಕೋರ್ಟಿನ ಎರಡು ಪಕ್ಕಕ್ಕೆ ಹಾಕಿಸಿ, ಬೆಳಕು ಕೆಳಮುಖವಾಗಿರಲಿ. ಕೊನೆಗೆರೆಯ ಹಿಂದೆ ದೀಪವಿದ್ದರೆ ಎತ್ತರಕ್ಕೆ ಹೋದ ಶಟಲ್ ಕಾಣುವುದಿಲ್ಲ, ಪಕ್ಕದ ಮನೆಯವರಿಗೆ ನಿದ್ದೆಯೂ ಬಾರದು. ಅವರ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮಗುವಿದ್ದರೆ ಮಾರ್ಚಿನಲ್ಲಿ ದೀಪ ಬೇಗ ಆರಿಸಿ. ಆ ಮಗುವಿಗೂ ಒಂದು ರ‍್ಯಾಕೆಟ್ ಇಟ್ಟಿರಿ.

9. ಆಟದ ಹೊತ್ತು ಗೊತ್ತುಮಾಡಿ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪ್ರಕಾಶ್ ಪಡುಕೋಣೆ ಹುಡುಗನಾಗಿದ್ದಾಗ ಆಡಿ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಮದುವೆಯಿದ್ದ ದಿನ ಆಟವಿಲ್ಲ. ನಿಮ್ಮ ಹಿತ್ತಲಿಗೆ ಮುಹೂರ್ತದ ಅಡ್ಡಿಯಿಲ್ಲ, ಆದರೆ ಟಿವಿ, ಫೋನು, ಟ್ಯೂಷನ್ ಇವೆ. ಸಂಜೆ ಆರಕ್ಕೆ ನೆಟ್ ಕಟ್ಟುವ ಕೆಲಸ ವಾರಕ್ಕೊಬ್ಬರಂತೆ ಹಂಚಿ. ಅಪ್ಪನಿಗೂ ಒಂದು ವಾರ ಬರಲಿ. ಮಧ್ಯಾಹ್ನದ ಬಿಸಿಲಲ್ಲಿ ಅಲ್ಲಿ ಹಪ್ಪಳ ಒಣಗಿದರೆ ತೊಂದರೆಯಿಲ್ಲ, ಸಂಜೆಗೆ ಎತ್ತಿಡಬಹುದು. ಕಾರು ಮಾತ್ರ ಒಂದು ರಾತ್ರಿಗೂ ನಿಲ್ಲಿಸಬೇಡಿ. ಒಮ್ಮೆ ನಿಂತ ಕಾರು ಮತ್ತೆ ಕದಲುವುದಿಲ್ಲ, ಕೋರ್ಟು ಶೆಡ್ಡಾಗುತ್ತದೆ.