ಉಕ್ಕಿನ ಕೊಳವೆಯ ಕುರ್ಚಿ

ನಾಣ್ಯಗಳನ್ನೂ ಅಂಚೆಚೀಟಿಗಳನ್ನೂ ಸಂಗ್ರಹಿಸುವವರನ್ನು ನಾವು ಬಲ್ಲೆವು. ಹಳೆಯ ಕುರ್ಚಿಗಳನ್ನು ಅರಸಿ ಅಲೆಯುವವರೂ ಉಂಟೆಂದರೆ ನಿಮಗೆ ಸೋಜಿಗವಾದೀತು. ಅವರು ಅರಸುವುದು ರಾಜಮಹಾರಾಜರ ದಂತದ ಪೀಠಗಳನ್ನಲ್ಲ. ಬಾಗಿಸಿದ ಉಕ್ಕಿನ ಕೊಳವೆಗೆ ಬಟ್ಟೆಯ ಪಟ್ಟಿಗಳನ್ನು ಬಿಗಿದ ಸರಳವಾದ ಕುರ್ಚಿಗಳನ್ನು. ಇವುಗಳಿಗೆ ಇಷ್ಟು ಬೆಲೆ ಹೇಗೆ ಬಂದಿತು?

1919ರಲ್ಲಿ ಜರ್ಮನಿಯ ವೈಮಾರ್ ನಗರದಲ್ಲಿ ವಾಲ್ಟರ್ ಗ್ರೋಪಿಯಸ್ ಎಂಬ ವಾಸ್ತುಶಿಲ್ಪಿಯು ‘ಬೌಹೌಸ್’ ಎಂಬ ಕಲಾಶಾಲೆಯನ್ನು ತೆರೆದನು. ಅಂದವಾದ ಬಳಕೆಯ ವಸ್ತುಗಳು ಕಾರ್ಖಾನೆಗಳಲ್ಲಿ ತಯಾರಾಗಿ ಜನಸಾಮಾನ್ಯರ ಮನೆಗಳನ್ನು ಸೇರಬೇಕೆಂಬುದು ಕ್ರಮೇಣ ಆ ಶಾಲೆಯ ಹಂಬಲವಾಯಿತು. 1925ರಲ್ಲಿ ಶಾಲೆಯು ಡೆಸಾವ್ ನಗರಕ್ಕೆ ಬಂದಿತು. ಅಲ್ಲಿ ಮರಗೆಲಸದ ಕಾರ್ಯಾಗಾರದ ಮುಖ್ಯಸ್ಥನಾಗಿದ್ದವನು ಹಂಗೆರಿ ದೇಶದ ತರುಣ ಮಾರ್ಸೆಲ್ ಬ್ರಾಯರ್.

ಬ್ರಾಯರನು ಆಗತಾನೆ ಒಂದು ಬೈಸಿಕಲ್ಲನ್ನು ಕೊಂಡಿದ್ದನು. ಅದರ ಹ್ಯಾಂಡಲ್ ಅವನ ಗಮನವನ್ನು ಸೆಳೆಯಿತು. ಉಕ್ಕಿನ ಕೊಳವೆಯನ್ನು ಹೀಗೆ ಬಾಗಿಸಬಹುದಾದರೆ ಅದರಿಂದ ಕುರ್ಚಿಯನ್ನೇಕೆ ಮಾಡಬಾರದು? ಕೊಳವೆ ಟೊಳ್ಳಾದುದರಿಂದ ಹಗುರ, ಆದರೂ ಬಲಿಷ್ಠ. ಕೊಳಾಯಿ ಕೆಲಸಗಾರನೊಬ್ಬನ ನೆರವಿನಿಂದ ಅವನು ತನ್ನ ಮೊದಲ ಕುರ್ಚಿಯನ್ನು ಜೋಡಿಸಿದನು. ಅಂದಿನ ದಪ್ಪ ಮೆತ್ತೆಯ ಕುರ್ಚಿಯ ಹೊರರೇಖೆ ಮಾತ್ರ ಅದರಲ್ಲಿ ಉಳಿದಿತ್ತು. ಬೆನ್ನಿಗೂ ತೋಳುಗಳಿಗೂ ಬಿಗಿಯಾದ ಬಟ್ಟೆಯೇ ಆಸರೆ. ತಣ್ಣನೆಯ ಉಕ್ಕು ಮೈಗೆ ತಾಗುತ್ತಿರಲಿಲ್ಲ.

ಆದರೆ ಕಾಲ ಅನುಕೂಲವಾಗಿರಲಿಲ್ಲ. ನಾಜಿಗಳ ಒತ್ತಡದಿಂದ 1933ರಲ್ಲಿ ಬೌಹೌಸ್ ಮುಚ್ಚಿತು. ಯೆಹೂದಿ ಮನೆತನದ ಬ್ರಾಯರನು ಜರ್ಮನಿಯನ್ನು ತೊರೆದು, ಇಂಗ್ಲೆಂಡಿನ ಮಾರ್ಗವಾಗಿ 1937ರಲ್ಲಿ ಅಮೆರಿಕವನ್ನು ಸೇರಿದನು. ಹಿಂದೆ ಉಳಿದ ಕುರ್ಚಿಗಳು ಬರಿಯ ಬಳಕೆಯ ವಸ್ತುಗಳು. ಸವೆದ ಮೇಲೆ ಅವನ್ನು ಕಾಪಾಡುವವರು ವಿರಳ. ಆದುದರಿಂದಲೇ ಮೊದಲಿನವು ಇಂದು ಅಪರೂಪ. 1960ರ ದಶಕದಲ್ಲಿ ಇಟಲಿಯ ಕಾರ್ಖಾನೆಯೊಂದು ಇದೇ ಕುರ್ಚಿಯನ್ನು ಮತ್ತೆ ತಯಾರಿಸಿ, ಬೌಹೌಸಿನಲ್ಲಿ ಗುರುವಾಗಿದ್ದ ಚಿತ್ರಕಾರ ವಾಸಿಲಿ ಕಾಂಡಿನ್‌ಸ್ಕಿಯ ಹೆಸರನ್ನು ಅದಕ್ಕಿಟ್ಟಿತು.

ಹಳೆಯದನ್ನೂ ಹೊಸದನ್ನೂ ಬೇರ್ಪಡಿಸುವುದು ಸಂಗ್ರಾಹಕನ ಮೊದಲ ಕೆಲಸ. ಮೊದಲ ಕುರ್ಚಿಗಳಿಗೆ ನಿಕ್ಕಲ್ ಲೇಪವಿತ್ತು. ಅದರ ಹೊಳಪಿನಲ್ಲಿ ನಸುಹಳದಿಯ ಛಾಯೆಯುಂಟು. ಅನಂತರ ಬಂದ ಕ್ರೋಮಿಯಂ ಲೇಪದ ಹೊಳಪು ನೀಲಿಗೆ ತಿರುಗುತ್ತದೆ. ಮೇಣ ಹಚ್ಚಿದ ಹತ್ತಿಯ ನೂಲಿನ ಗಟ್ಟಿ ಬಟ್ಟೆ ಹಳೆಯವುಗಳ ಗುರುತು; ಹೊಸತರಲ್ಲಿ ತೊಗಲೇ ಹೆಚ್ಚು. ಅನನುಭವಿಯು ಮಾಸಿದ ಕೊಳವೆಗೆ ಹೊಸ ಲೇಪ ಹಾಕಿಸಿ, ಹರಿದ ಬಟ್ಟೆಯನ್ನು ಕಿತ್ತೆಸೆಯುತ್ತಾನೆ. ಕುರ್ಚಿ ಥಳಥಳಿಸುತ್ತದೆ, ಆದರೆ ಅದರ ಚರಿತ್ರೆ ಅಳಿಸಿಹೋಗುತ್ತದೆ. ಶಾಸನದ ಕಲ್ಲನ್ನು ಅಂದಕ್ಕಾಗಿ ಉಜ್ಜಿ ಅಕ್ಷರಗಳನ್ನೇ ಕಳೆದಂತೆ! ಬಲ್ಲವನು ಧೂಳನ್ನು ಒರೆಸುತ್ತಾನೆ, ತುಕ್ಕು ಹರಡದಂತೆ ತಡೆಯುತ್ತಾನೆ. ಸವೆತವನ್ನು ಹಾಗೆಯೇ ಉಳಿಸುತ್ತಾನೆ.

ಎಲ್ಲರಿಗಾಗಿ ಹುಟ್ಟಿದ ಕುರ್ಚಿ ಇಂದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಅದರ ಮೇಲೆ ಯಾರೂ ಕೂಡುವಂತಿಲ್ಲ. ಇದು ವಿಪರ್ಯಾಸವೇ ಸರಿ. ಆದರೆ ಬ್ರಾಯರನ ಹಂಬಲ ವ್ಯರ್ಥವಾಗಲಿಲ್ಲ. ಆಸ್ಪತ್ರೆಯಲ್ಲೋ ಕಚೇರಿಯಲ್ಲೋ ಕೊಳವೆಯ ಕುರ್ಚಿಯ ಮೇಲೆ ಕುಳಿತಾಗ ಅದರ ಬಾಗನ್ನೊಮ್ಮೆ ಮುಟ್ಟಿ ನೋಡಿರಿ. ಬೈಸಿಕಲ್ಲಿನ ಹ್ಯಾಂಡಲನ್ನು ಅಚ್ಚರಿಯಿಂದ ನೋಡಿದ ತರುಣನೊಬ್ಬನ ನೆನಪು ಅಲ್ಲಿದೆ.

ಅಭ್ಯಾಸ

1. ಬ್ರಾಯರನು ಕುರ್ಚಿಗೆ ಉಕ್ಕಿನ ಕೊಳವೆಯನ್ನು ಆರಿಸಿಕೊಳ್ಳಲು ಕಾರಣವೇನು?
2. ಹಳೆಯ ಕುರ್ಚಿಗೆ ಹೊಸ ಲೇಪ ಹಾಕಿಸುವುದು ಏಕೆ ತಪ್ಪು?
3. ನಿಮ್ಮ ಮನೆಯ ಹಳೆಯ ವಸ್ತುವೊಂದರ ಚರಿತ್ರೆಯನ್ನು ಹಿರಿಯರಿಂದ ಕೇಳಿ ಬರೆಯಿರಿ.